ದೇವೀರಮ್ಮನ ಮಗ ಬ್ಲಾಗು ಬರೆದದ್ದು

ಹಾಲುಗೆರೆ ಅಂತ ಒಂದು ಊರು. ಆ ಊರಲ್ಲಿ ದೇವೀರಮ್ಮ ಅಂತ ಒಬ್ಬಳು, ಸರ್ಕಾರಿ ಶಾಲೆಯ ಮಕ್ಕಳಿಗೆ ಬಿಸಿಯೂಟ ಮಾಡಿ ಬಡಿಸೋಳು. ಅವಳಿಗೆ ಒಬ್ಬನೇ ಮಗ, ಹೆಸರು ಚೆಲುವ. ದೇವರು ಬುದ್ಧಿ ಹಂಚಿದ ದಿನ ಮಗನ ಪಾಲನ್ನೂ ತಾಯಿಯ ಮಡಿಲಿಗೇ ಹಾಕಿ ಕಳಿಸಿದ್ದ ಅಂತ ಊರವರು ಹೇಳೋರು.

ಚೆಲುವ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ ಕೆಲಸ ಬಿಟ್ಟವನೇ ಅಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಬಾಗಿಲು ನೋಡ್ಕೊಳ್ಳೋ ಅಂದರೆ ಬಾಗಿಲನ್ನೇ ನೋಡಿಕೊಂಡು ಕೂರೋನು. ಹಿತ್ತಲಿಂದ ನಾಯಿ ನುಗ್ಗಿ ಹಿಟ್ಟಿನ ಮಡಕೆಗೆ ಬಾಯಿ ಹಾಕಿದರೂ ಕತ್ತು ತಿರುಗಿಸೋನಲ್ಲ.

ಹತ್ತೊಂಬತ್ತು ತುಂಬಿದಾಗ ಅವನು ಊರಿನ ಐಟಿಐಗೆ ಸೇರಿದ, ಫಿಟ್ಟರ್ ಕೆಲಸ ಕಲಿಯೋಕೆ. ಅರ ಹಿಡಿದು ಕಬ್ಬಿಣ ಉಜ್ಜೋದರಲ್ಲಿ ಅವನನ್ನ ಮೀರಿಸಿದವರಿರಲಿಲ್ಲ. ಇಷ್ಟು ಉಜ್ಜು ಅಂದರೆ ಅಷ್ಟೇ ಉಜ್ಜೋನು, ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ಅವನಿಗೆ ಕಷ್ಟ ಬಂದದ್ದು ಇಂಗ್ಲಿಷಿನಿಂದ.

ಆ ವರ್ಷ ಫಿಲೋಮಿನಾ ಮೇಡಂ ಅಂತ ಒಬ್ಬರು ಇಂಗ್ಲಿಷ್ ಕ್ಲಾಸು ಶುರು ಮಾಡಿದರು. ಹನ್ನೊಂದು ಜನ ಕಲಿಯೋರು, ಒಂದು ಕಂಪ್ಯೂಟರು. ಮೇಡಂ ಹೇಳಿದರು, "ನಾವೆಲ್ಲ ಸೇರಿ ಒಂದು ಬ್ಲಾಗು ಮಾಡೋಣ. ಕಂಪ್ಯೂಟರಿನ ಒಳಗಿರೋ ಒಂದು ನೋಟ್‌ಬುಕ್ಕು ಅಂದುಕೊಳ್ಳಿ. ಬರೆಯೋರು ನೀವು ಹನ್ನೊಂದು ಜನ, ಓದೋರು ಊರೆಲ್ಲ. ಎಲ್ಲರಿಗೂ ಒಂದೇ ಪಾಸ್‌ವರ್ಡು. ವರ್ಷದ ಕೊನೆಗೆ ಜಿಲ್ಲೆಯಿಂದ ಸಾಹೇಬರು ಬಂದು ಓದುತ್ತಾರೆ. ಅವರಿಗೆ ಹಿಡಿಸಿದರೆ ಈ ಕ್ಲಾಸು ಮುಂದೆಯೂ ಇರುತ್ತೆ. ಹಿಡಿಸದಿದ್ದರೆ ಇಲ್ಲ. ಸೋಮವಾರದೊಳಗೆ ಎಲ್ಲರೂ ಒಂದೊಂದು ಪೋಸ್ಟ್ ಹಾಕಬೇಕು, ಆಮೇಲೂ ಹಾಕ್ತಾ ಇರಬೇಕು."

ಪೋಸ್ಟ್ ಹಾಕಬೇಕು. ಅದರಲ್ಲೇನು ಕಷ್ಟ ಅಂದುಕೊಂಡ ಚೆಲುವ. ಒಂದು ಹಾಳೆ ತಗೊಂಡ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದ, ಮಡಿಸಿ ಲಕೋಟೆಯೊಳಗಿಟ್ಟ, ಅಂಚೆಚೀಟಿ ಅಂಟಿಸಿದ. ಮೇಲೆ 'ಶ್ರೀ ಬ್ಲಾಗ್ ಅವರಿಗೆ, ಐಟಿಐ, ಹಾಲುಗೆರೆ' ಅಂತ ವಿಳಾಸ ಬರೆದು, ಬಸ್‌ ನಿಲ್ದಾಣದ ಕೆಂಪು ಡಬ್ಬಿಗೆ ಹಾಕಿದ. ಒಳಗೆ ಬಿತ್ತೋ ಇಲ್ಲವೋ ಅಂತ ಡಬ್ಬಿಗೆ ಕಿವಿ ಕೊಟ್ಟು ಕೇಳಿದ. ಬಿದ್ದಿತ್ತು.

ಬುಧವಾರ ಪೋಸ್ಟ್‌ಮ್ಯಾನ್ ಕ್ಲಾಸಿನ ಬಾಗಿಲಿಗೇ ಬಂದ. "ಬ್ಲಾಗ್ ಅನ್ನೋರು ಯಾರು? ಸಹಿ ಬೇಡ, ಮುಖ ತೋರಿಸಿದರೆ ಸಾಕು."

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ಚೆಲುವ, ಪೋಸ್ಟ್ ಅಂದರೆ ಡಬ್ಬಿಗೆ ಹಾಕೋದಲ್ಲ. ಕಂಪ್ಯೂಟರ್ ಮುಂದೆ ಕೂತು ಬರೆಯೋದು."

"ಏನು ಬರೀಲಿ ಮೇಡಂ?"

"ಅದನ್ನೂ ನಾನೇ ಹೇಳಬೇಕಾ? ಮನೆಗೆ ಹೋಗಿ ಯೋಚನೆ ಮಾಡು."

ಯೋಚನೆ ಮಾಡೋ ಕೆಲಸ ಅವನ ಮನೇಲಿ ದೇವೀರಮ್ಮನದು. ಅವಳು ಅಕ್ಕಿ ಆರಿಸ್ತಾ ಇದ್ದಳು. ಎಲ್ಲ ಕೇಳಿ ಹಣೆ ಚಚ್ಚಿಕೊಂಡಳು. "ಲೋ ಮಗ, ಅವರು ಬರಿ ಅಂದರೆ ಇಲ್ಲದ್ದನ್ನ ಎಲ್ಲಿಂದ ತಂದು ಬರೀತೀಯ? ಕಣ್ಣಿಗೆ ಕಂಡದ್ದನ್ನ ಕಂಡ ಹಾಗೆ ಬರಿ. ಅಷ್ಟು ಮಾಡಿದರೆ ಯಾರೂ ಬಯ್ಯೋಲ್ಲ."

"ಆಗಲಿ ಅವ್ವ," ಅಂದ ಚೆಲುವ.

ಮಾರನೇ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತ. ಕಣ್ಣಿಗೆ ಕಾಣೋದೇನು ಅಂತ ನೋಡಿದ. ಎದುರಿಗೆ ಮೇಡಂ ಕಂಡರು. ಬರೆದ. ಅವನು ಬರೆದ ಇಂಗ್ಲಿಷನ್ನ ಕನ್ನಡದಲ್ಲಿ ಹೇಳೋದಾದರೆ ಹೀಗಿತ್ತು: 'ಮೇಡಂ ಊಟ ಮಾಡಿದರು. ಮೇಡಂ ಮೇಜಿನ ಮೇಲೆ ತಲೆ ಇಟ್ಟು ನಿದ್ದೆ ಮಾಡುತ್ತಿದ್ದಾರೆ. ಬಾಯಿ ತೆರೆದಿದೆ. ಒಂದು ನೊಣ ಬಂತು. ನೊಣ ತುಟಿಯ ಮೇಲೆ ಕೂತಿದೆ. ನೊಣ ಒಳಗೆ ಹೋಗಬಹುದು. ಹೋಗಲಿಲ್ಲ.'

ವ್ಯಾಕರಣದಲ್ಲಿ ಒಂದು ತಪ್ಪಿರಲಿಲ್ಲ. ಸಂಜೆಯೊಳಗೆ ಊರೆಲ್ಲ ಓದಿತ್ತು. ಬೆಳಗ್ಗೆ ಮೇಡಂ ಹಾಲು ತಗೊಳ್ಳೋಕೆ ಹೋದರೆ ಹಾಲಿನವನು, "ನೊಣ ಹೊರಗೇ ಇತ್ತಲ್ಲ ಮೇಡಂ, ಪುಣ್ಯ" ಅಂದ.

ಮೇಡಂ ಚೆಲುವನನ್ನ ನಿಲ್ಲಿಸಿಕೊಂಡರು. "ನಿನ್ನ ಪೋಸ್ಟು ಸಾಕಪ್ಪ. ಇನ್ನೊಂದು ತಿಂಗಳು ನೀನು ಏನೂ ಬರೆಯೋದು ಬೇಡ. ಬೇರೆಯವರು ಬರೆದದ್ದನ್ನ ಓದು. ಓದಿ, ಅದರ ಕೆಳಗೆ 'ವೆರಿ ಗುಡ್, ಕೀಪ್ ಇಟ್ ಅಪ್' ಅಂತ ಹಾಕು. ಬಹಳ ಚೆನ್ನಾಗಿದೆ, ಹೀಗೇ ಮುಂದುವರಿಸಿ ಅಂತ ಅರ್ಥ."

ದೇವೀರಮ್ಮನೂ ಅದನ್ನೇ ಹೇಳಿದಳು. "ಒಳ್ಳೇ ಮಾತಾಡಿದರೆ ನಾಲಿಗೆ ಸವೆದುಹೋಗೋಲ್ಲ. ಯಾರು ಏನೇ ಬರೆದಿರಲಿ, ಒಳ್ಳೇ ಮಾತು ಹೇಳು."

"ಆಗಲಿ ಅವ್ವ," ಅಂದ ಚೆಲುವ.

ಆ ವಾರ ಪೋಸ್ಟ್ ಹಾಕಿದ್ದು ಮುಬಾರಕ್. ಚೆಲುವನ ಪಕ್ಕದಲ್ಲೇ ಕೂರೋನು, ಚೆಲುವನನ್ನ ಒಂದು ದಿನವೂ ನೋಡಿ ನಕ್ಕವನಲ್ಲ. ಮುಬಾರಕ್‌ನ ತಾತ ತೀರಿಕೊಂಡಿದ್ದರು. ಊರಿನ ಗಡಿಯಾರಗಳನ್ನೆಲ್ಲ ರಿಪೇರಿ ಮಾಡ್ತಿದ್ದ ಮುದುಕರು. ಅವರು ಕೈ ಹಿಡಿದು ಸೈಕಲ್ ಕಲಿಸಿದ್ದು, ಕೊನೇ ದಿನ ನೀರು ಕೇಳಿದ್ದು, ಎಲ್ಲವನ್ನೂ ಮುಬಾರಕ್ ಬರೆದಿದ್ದ. ಕೊನೇ ಸಾಲು, 'ತಾತ ಮಂಗಳವಾರ ಹೋಗಿಬಿಟ್ಟರು.'

ಅದರ ಕೆಳಗೆ ಚೆಲುವ ಹಾಕಿದ: 'ವೆರಿ ಗುಡ್. ಕೀಪ್ ಇಟ್ ಅಪ್.'

ಮುಬಾರಕ್ ಬಂದು ಅವನೆದುರು ನಿಂತ. ಸಿಟ್ಟು ಮಾಡಲಿಲ್ಲ. "ಏನು ಮುಂದುವರಿಸಲಿ ಚೆಲುವ? ಮನೇಲಿ ಇನ್ನು ಅಜ್ಜಿ ಒಬ್ಬರೇ ಇರೋದು," ಅಂದ. ಅಂದವನು ಬೇರೆ ಬೆಂಚಿಗೆ ಹೋಗಿ ಕೂತ.

ಚೆಲುವನ ಪಕ್ಕದ ಜಾಗ ಖಾಲಿಯಾಯಿತು. ಆವತ್ತು ಅವನು ಊಟದ ಡಬ್ಬಿ ತೆರೆಯದೆ ಮನೆಗೆ ವಾಪಸ್ ತಂದ. "ಹೇಳಿದ್ದನ್ನೇ ಮಾಡಿದೆ ಅವ್ವ. ಆದರೂ ಅವನು ಎದ್ದು ಹೋದ."

ದೇವೀರಮ್ಮ ಡಬ್ಬಿ ನೋಡಿದಳು, ಮಗನ ಮುಖ ನೋಡಿದಳು. "ನಿನ್ನ ಹೆತ್ತ ಹೊಟ್ಟೆಗೆ ಏನು ಹೇಳಲಿ. ಅಂಥ ಸುದ್ದಿ ಕೇಳಿದರೆ ಹಾಗನ್ನಬಾರದು ಕಣೋ. 'ಅಯ್ಯೋ, ಹೀಗಾಗಬಾರದಿತ್ತು. ದೇವರು ನಿಮಗೆ ತಡೆದುಕೊಳ್ಳೋ ಶಕ್ತಿ ಕೊಡಲಿ' ಅನ್ನಬೇಕು. ಮನೆಯವರಿಗೆ ಸಮಾಧಾನ ಆಗುತ್ತೆ."

"ಆಗಲಿ ಅವ್ವ," ಅಂದ ಚೆಲುವ. ಆ ಎರಡು ಮಾತನ್ನ ಇಂಗ್ಲಿಷಿನಲ್ಲಿ ಹೇಗೆ ಬರೆಯೋದು ಅಂತ ಮೇಡಂ ಹತ್ತಿರ ಕೇಳಿ, ಅಂಗೈ ಮೇಲೆ ಬರೆದುಕೊಂಡು ಬಂದ. ಮೇಡಂಗೂ ಹುಡುಗ ತಿದ್ದಿಕೊಂಡ ಅಂತ ಸಂತೋಷ.

ಮುಂದಿನ ವಾರ ಪೋಸ್ಟ್ ಹಾಕಿದ್ದು ಸುಧಾರಾಣಿ. ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಪಕ್ಕದ ತಾಲೂಕಿನವನು, ಲೈನ್‌ಮ್ಯಾನ್ ಕೆಲಸ. ಅವನ ಫೋಟೋ ಹಾಕಿ, ಇವರನ್ನೇ ನಾನು ಮದುವೆ ಆಗೋದು ಅಂತ ಬರೆದಿದ್ದಳು.

ಅದರ ಕೆಳಗೆ ಚೆಲುವ ಅಂಗೈ ನೋಡಿಕೊಂಡು ಬರೆದ: 'ಅಯ್ಯೋ, ಹೀಗಾಗಬಾರದಿತ್ತು. ದೇವರು ನಿಮಗೆ ತಡೆದುಕೊಳ್ಳೋ ಶಕ್ತಿ ಕೊಡಲಿ.'

ಅದನ್ನ ಓದಿದ್ದು ಸುಧಾರಾಣಿ ಅಲ್ಲ, ಲೈನ್‌ಮ್ಯಾನು. ಯಾರಿವನು ಚೆಲುವ, ಅವನಿಗ್ಯಾಕೆ ಇಷ್ಟು ಸಂಕಟ ಅಂತ ಫೋನ್ ಮಾಡಿದ. ಅವನ ತಾಯಿ ಮಾಡಿದಳು. ಅವನ ಸೋದರಮಾವ ಬಸ್ಸು ಹತ್ತಿ ಬಂದೇಬಿಟ್ಟ. ಎರಡು ದಿನ ಸುಧಾರಾಣಿ ಮನೇಲಿ ಒಲೆ ಸರಿಯಾಗಿ ಉರಿಯಲಿಲ್ಲ. ಕೊನೆಗೆ ದೇವೀರಮ್ಮ ಮಗನ ರಟ್ಟೆ ಹಿಡಿದು ಎಳಕೊಂಡು ಹೋಗಿ ಅವರೆದುರು ನಿಲ್ಲಿಸಿದಳು. "ಸ್ವಾಮಿ, ಇವನೇ ಚೆಲುವ. ಇವನ ಹತ್ತಿರ ಐದು ನಿಮಿಷ ಮಾತಾಡಿ, ಆಮೇಲೆ ನಿಮಗೇ ಗೊತ್ತಾಗುತ್ತೆ," ಅಂದಳು.

ಸೋದರಮಾವ ಮಾತಾಡಿದ. "ನೀನು ಈ ಹುಡುಗೀನ ಏನಂತ ತಿಳಿದಿದ್ದೀಯಪ್ಪ?"

"ಸುಧಾರಾಣಿ ಅಂತ ತಿಳಿದಿದ್ದೀನಿ," ಅಂದ ಚೆಲುವ.

ಸೋದರಮಾವ ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕಾಫಿ ಕುಡಿದು ಎದ್ದ. ಮದುವೆ ಉಳಿಯಿತು.

ಫಿಲೋಮಿನಾ ಮೇಡಂ ಈ ಸಲ ಬಯ್ಯಲೂ ಇಲ್ಲ. ಬಯ್ದು ಬಯ್ದು ಸಾಕಾಗಿತ್ತು. ಸಾಹೇಬರು ಬರೋಕೆ ಒಂದೇ ವಾರ ಉಳಿದಿತ್ತು. "ಚೆಲುವ, ನೀನು ಇನ್ನು ಬರೆಯೋದೂ ಬೇಡ, ಒಳ್ಳೇದು ಕೆಟ್ಟದ್ದು ಹೇಳೋದೂ ಬೇಡ. ನಿನಗೆ ಬೇರೆ ಕೆಲಸ ಕೊಡ್ತೀನಿ. ಇಲ್ಲಿ ನೋಡು. ತಪ್ಪು ಪದ ಇದ್ದರೆ ಈ ಕಂಪ್ಯೂಟರೇ ಅದರ ಕೆಳಗೆ ಕೆಂಪು ಗೆರೆ ಎಳೆಯುತ್ತೆ. ಎಲ್ಲರ ಪೋಸ್ಟನ್ನೂ ಒಂದೊಂದಾಗಿ ತೆರೆ. ಕೆಂಪು ಗೆರೆ ಕಂಡರೆ ಅಳಿಸು. ಸಾಹೇಬರಿಗೆ ಒಂದು ಕೆಂಪು ಗೆರೆಯೂ ಕಾಣಬಾರದು."

ಇಂಥ ಕೆಲಸ ಚೆಲುವನಿಗೆ ಇಷ್ಟ. ಕಬ್ಬಿಣ ಉಜ್ಜಿದ ಹಾಗೆ ಬ್ಲಾಗನ್ನ ಉಜ್ಜಿದ. ಮೂರು ದಿನ ತಲೆ ಎತ್ತಲಿಲ್ಲ. ಕೆಂಪು ಗೆರೆ ಕಂಡ, ಅಳಿಸಿದ. ಕಂಡ, ಅಳಿಸಿದ. ಶುಕ್ರವಾರ ಬೆಳಗ್ಗೆ ಮೇಡಂ ಮುಂದೆ ಬಂದು, "ಒಂದೂ ಉಳಿದಿಲ್ಲ ಮೇಡಂ," ಅಂದ.

ಮೇಡಂ ಓದೋಕೆ ಕೂತರು. ಮೊದಲನೇ ಪೋಸ್ಟು: 'ನನ್ನ ಹೆಸರು. ನನ್ನ ತಂದೆಯ ಹೆಸರು. ನಾವು ವಾಸ ಮಾಡುವುದು.' ಎರಡನೇದು: 'ನಮ್ಮ ಮನೆಯಲ್ಲಿ ಬೆಳಗ್ಗೆ ಚಟ್ನಿ ಜೊತೆ ತಿನ್ನುತ್ತೇವೆ.' ಏನನ್ನ ತಿಂತಾರೆ ಅಂತಿರಲಿಲ್ಲ. ಮನುಷ್ಯರ ಹೆಸರು ಒಂದೂ ಇಲ್ಲ, ಊರ ಹೆಸರು ಇಲ್ಲ, ತಿಂಡಿ ಹೆಸರು ಇಲ್ಲ. ಕಂಪ್ಯೂಟರಿಗೆ ಹಾಲುಗೆರೆಯ ಸುದ್ದಿ ಗೊತ್ತಿರಲಿಲ್ಲ. ಎಲ್ಲದರ ಕೆಳಗೂ ಗೆರೆ ಎಳೆದಿತ್ತು.

"ಹೆಸರುಗಳೆಲ್ಲ ಎಲ್ಲಿ ಚೆಲುವ?" ಅಂದರು ಮೇಡಂ, ಬಹಳ ಮೆಲ್ಲಗೆ.

"ಎಲ್ಲ ತಪ್ಪಂತೆ ಮೇಡಂ. ನನ್ನದೂ ತಪ್ಪಂತೆ. ಮೊದಲು ನನ್ನದೇ ಅಳಿಸಿದೆ."

ಮೇಡಂ ಒಂದು ಲೋಟ ನೀರು ಕುಡಿದರು. ಗಡಿಯಾರ ನೋಡಿದರು. ಸಾಹೇಬರ ಕಾಗದಪತ್ರಕ್ಕೆ ಅವರು ಜಿಲ್ಲಾ ಕಚೇರಿಗೆ ಹೋಗಬೇಕಿತ್ತು, ಬಸ್ಸು ಹೊರಡೋ ಹೊತ್ತು. ಅವತ್ತು ಐಟಿಐಗೆ ರಜೆ ಬೇರೆ, ಉಳಿದವರ್ಯಾರೂ ಬಂದಿರಲಿಲ್ಲ. "ನೋಡು, ಖಾಲಿ ಇರೋ ಕಡೆಯೆಲ್ಲ ಹೆಸರು ತುಂಬು. ಒಂದು ಜಾಗವೂ ಖಾಲಿ ಇರಕೂಡದು. ಯಾವ ಹೆಸರು ಅಂತ ತಿಳಿಯದೆ ಹೋದರೆ ತಿಳಿದವರನ್ನ ಕೇಳು," ಅಂತ ಹೇಳಿ ಓಡಿದರು.

ಚೆಲುವನಿಗೆ ಯಾವ ಜಾಗದಲ್ಲಿ ಯಾವ ಹೆಸರಿತ್ತು ಅಂತ ಒಂದೂ ನೆನಪಿಗೆ ಬರಲಿಲ್ಲ. ತಿಳಿದವರು ಅಂದರೆ ಅವನಿಗೆ ಗೊತ್ತಿದ್ದವಳು ಒಬ್ಬಳೇ. ಶಾಲೆಯ ಅಡುಗೆಮನೆಗೆ ಹೋದ. ದೇವೀರಮ್ಮ ಕೊಪ್ಪರಿಗೆ ಸಾರಿಗೆ ಒಗ್ಗರಣೆ ಕೊಡ್ತಾ ಇದ್ದಳು. ಇನ್ನೂರು ಮಕ್ಕಳು ತಟ್ಟೆ ಬಡೀತಾ ಇದ್ದವು.

"ಅವ್ವ, ಹೆಸರೆಲ್ಲ ಮರೆತುಹೋಗಿದೆ. ಯಾವ ಹೆಸರು ಬರೀಲಿ?"

ಅವಳು ತಿರುಗಿ ನೋಡಲಿಲ್ಲ. "ಯಾರ ಹೆಸರು ಮರೆತರೂ ಹೆತ್ತವಳ ಹೆಸರು ಮರೀಬೇಡ ಕಣೋ. ಈಗ ನನ್ನ ಕೈಗೆ ಅಡ್ಡ ಬರಬೇಡ, ಹೋಗು."

"ಆಗಲಿ ಅವ್ವ," ಅಂದ ಚೆಲುವ.

ಹೋಗಿ ಕೂತ. ಮೊದಲನೇ ಜಾಗದಲ್ಲಿ 'ದೇವೀರಮ್ಮ' ಅಂತ ಬರೆದ. ತಕ್ಷಣ ಕೆಳಗೆ ಕೆಂಪು ಗೆರೆ ಬಂತು. ಚೆಲುವ ಗೆರೆ ನೋಡಿದ. ಹುಟ್ಟಿದಾಗಿನಿಂದ ಅವನಿಗೆ ಸಿಟ್ಟು ಬಂದದ್ದೇ ಕಮ್ಮಿ, ಆವತ್ತು ಬಂತು. "ನಮ್ಮವ್ವನ ಹೆಸರು ತಪ್ಪು ಅನ್ನೋಕೆ ನೀನ್ಯಾರು?" ಅಂದ ಕಂಪ್ಯೂಟರಿಗೆ. ಅಳಿಸಲಿಲ್ಲ. ಎರಡನೇ ಜಾಗದಲ್ಲೂ ಬರೆದ. ಮೂರನೇದರಲ್ಲೂ ಬರೆದ. ಸಂಜೆ ಐದಕ್ಕೆ ಒಂದು ಜಾಗವೂ ಖಾಲಿ ಉಳಿದಿರಲಿಲ್ಲ.

ಶನಿವಾರ ಹತ್ತು ಗಂಟೆಗೆ ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಎರಡು ಕನ್ನಡಕ ಇಟ್ಟುಕೊಂಡಿದ್ದರು, ಒಂದು ನೋಡೋಕೆ, ಒಂದು ಓದೋಕೆ. ಮೇಡಂ ಬಸ್ಸಿಳಿದು ಅವರ ಜೊತೆಗೇ ಒಳಗೆ ಬಂದಿದ್ದರು, ಕಂಪ್ಯೂಟರ್ ನೋಡೋಕೆ ಸಮಯ ಸಿಕ್ಕಿರಲಿಲ್ಲ. ತಂದೆತಾಯಿಯರನ್ನೂ ಕರೆದಿದ್ದರು. ದೇವೀರಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಹಿಂದಿನ ಬೆಂಚಿನಲ್ಲಿ ಮಗನ ಪಕ್ಕ ಕೂತಿದ್ದಳು. ಇಂಗ್ಲಿಷಿನ ಒಂದಕ್ಷರ ಅವಳಿಗೆ ಬರದು.

ಸಾಹೇಬರು ಓದೋ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. "ನನ್ನ ಹೆಸರು ದೇವೀರಮ್ಮ. ನನ್ನ ತಂದೆಯ ಹೆಸರು ದೇವೀರಮ್ಮ. ನಾವು ವಾಸ ಮಾಡುವುದು ದೇವೀರಮ್ಮದಲ್ಲಿ." ಮುಂದಿನದು ತೆರೆದರು. "ನಮ್ಮ ಮನೆಯಲ್ಲಿ ಬೆಳಗ್ಗೆ ದೇವೀರಮ್ಮನನ್ನು ಚಟ್ನಿ ಜೊತೆ ತಿನ್ನುತ್ತೇವೆ. ಮಿಕ್ಕ ದೇವೀರಮ್ಮನನ್ನು ಸಂಜೆ ಬಿಸಿ ಮಾಡುತ್ತೇವೆ."

ಮೇಡಂ ಕಿಟಕಿ ಕಡೆ ತಿರುಗಿಕೊಂಡರು. ಸಾಹೇಬರು ಒಂದನ್ನೂ ಬಿಡದೆ ಹನ್ನೊಂದು ಜನರದ್ದನ್ನೂ ಓದಿದರು. ಕೊನೆಯದು ಯಾರದೋ ಮನೆಯ ಎಮ್ಮೆಯ ವಿಷಯ. ಅದನ್ನೂ ಓದಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ತಪಾಸಣೆ ಪುಸ್ತಕ ಎಳೆದುಕೊಂಡು, 'ಈ ಊರಿಗೆ ಇಂಗ್ಲಿಷ್ ಕ್ಲಾಸಿನ ಅಗತ್ಯ ಬಹಳವಾಗಿ ಇದೆ. ಇನ್ನೂ ಐದು ವರ್ಷ ಮುಂದುವರಿಸತಕ್ಕದ್ದು' ಅಂತ ಬರೆದು ಸಹಿ ಹಾಕಿದರು.

ಹಿಂದಿನ ಬೆಂಚಿನಲ್ಲಿ ದೇವೀರಮ್ಮನಿಗೆ ಕುತೂಹಲ ತಡೆಯೋಕಾಗಲಿಲ್ಲ. ಇಷ್ಟು ದೊಡ್ಡ ಸಾಹೇಬರ ಬಾಯಲ್ಲಿ ತನ್ನ ಹೆಸರು ಬಂದದ್ದೇ ಬಂದದ್ದು. ಅವಳು ಸೆರಗು ಸರಿಮಾಡಿಕೊಂಡು, ಮಗನ ಕಿವಿ ಹತ್ತಿರ ಬಗ್ಗಿ ಕೇಳಿದಳು, "ಏನಂತೋ ಮಗ ನನ್ನ ವಿಚಾರ?"

ಚೆಲುವ ಕೇಳಿದ್ದನ್ನ ಕೇಳಿದ ಹಾಗೆ ಹೇಳಿದ. "ದಿನಾ ನಾಲ್ಕು ಲೀಟರ್ ಕೊಡ್ತಿದ್ದೆಯಂತೆ ಅವ್ವ. ಹೋದ ತಿಂಗಳಿಂದ ಒದೆಯೋಕೆ ಶುರು ಮಾಡಿದೆಯಂತೆ. ಅದಕ್ಕೇ ಕೊಂಬಿಗೆ ಹಗ್ಗ ಹಾಕಿ ಸಂತೆಗೆ ಹೊಡಕೊಂಡು ಹೋಗಿ ಮಾರಿಬಿಟ್ಟರಂತೆ."