ಗೀರಮ್ಮ ಮನೆಯೊಳಗೆ ಇಟ್ಟುಕೊಂಡ ದುಭಾಷಿ

ಒಂದು ಕಂಪ್ಯೂಟರಿನಲ್ಲಿ ಗೀರಮ್ಮ ಎಂಬ, ಗ್ರಾಫ್ ಬರೆಯುವ ಪ್ರೋಗ್ರಾಮು ಇದ್ದಳು. ಗೆರೆ ಎಳೆಯುವುದರಲ್ಲಿ ಎತ್ತಿದ ಕೈ. ಆದರೆ ‘ಇದನ್ನೇ ಅಳತೆ ಬದಲಿಸುತ್ತಾ ನೂರು ಸಲ ಬರಿ’ ಎಂದು ಯಾರಾದರೂ ಬರೆದುಕೊಟ್ಟರೆ ಓದಲು ಬಾರದು. ಬಂದವರೆಲ್ಲ ಬೇರೆ ಪ್ರೋಗ್ರಾಮಿನ ಬಾಗಿಲು ತಟ್ಟತೊಡಗಿದಾಗ, ಅಂಥ ಬರಹವನ್ನು ಸಾಲುಸಾಲಾಗಿ ಓದಿ ಹೇಳುವ ದುಭಾಷಿಯೊಬ್ಬನನ್ನು ಸೀದಾ ಮನೆಯೊಳಗೇ ಇಟ್ಟುಕೊಂಡಳು.

“ಜಗಲಿಯಲ್ಲಿ ಕೂರಿಸಿದರೆ ಆಗುತ್ತಿರಲಿಲ್ಲವೇ?” ಎಂದು ಪಕ್ಕದ ಕ್ಯಾಲ್ಕುಲೇಟರಮ್ಮ ಮೂತಿ ತಿರುವಿದಳು.

“ಮಾತುಮಾತಿಗೂ ಜಗಲಿಗೆ ಓಡಿದರೆ ಗೆರೆ ಎಳೆಯುವವರು ಯಾರು, ತಾಯಿ?” ಎಂದಳು ಗೀರಮ್ಮ.

ಒಂದು ದಿನ ಕೊನೆಯೇ ಇಲ್ಲದ ಬರಹವೊಂದು ಬಂತು. ದುಭಾಷಿ ಓದುತ್ತಲೇ ಹೋದ. ಒಂದೇ ಮನೆ, ಒಂದು ಸಲಕ್ಕೆ ಒಬ್ಬರಿಗಷ್ಟೇ ಕೆಲಸ; ಅವನು ಬಾಯಿ ಮುಚ್ಚುವ ತನಕ ಗೀರಮ್ಮ ಕೈಯಾಡಿಸುವಂತಿಲ್ಲ. ಪರದೆ ಕಲ್ಲಾಯಿತು. ಕಂಪ್ಯೂಟರಿನ ಯಜಮಾನರು, “ಇನ್ನೊಂದು ಸಲ ಹೀಗಾದರೆ ಇಬ್ಬರನ್ನೂ ಅಳಿಸಿಹಾಕುತ್ತೇನೆ” ಎಂದು ಬೈದು ಪ್ರೋಗ್ರಾಮನ್ನೇ ಮುಚ್ಚಿದರು. ಕ್ಯಾಲ್ಕುಲೇಟರಮ್ಮನಿಗೆ ಹಬ್ಬವೋ ಹಬ್ಬ.

ಮತ್ತೆ ತೆರೆದಾಗ ದುಭಾಷಿ, “ನನ್ನನ್ನು ಕಳಿಸಿಬಿಡಿ ಅಮ್ಮ. ಬರೆದದ್ದನ್ನು ಓದುವುದಷ್ಟೇ ನನಗೆ ಗೊತ್ತು” ಎಂದ.

“ತಪ್ಪು ನನ್ನದಪ್ಪ. ಒಳಗೆ ಕರೆದೆ, ನಡುನಡುವೆ ನನ್ನ ಮುಖ ನೋಡು ಎಂದು ಹೇಳಲಿಲ್ಲ. ಇನ್ನು ಮೇಲೆ ನೂರು ಸಾಲಿಗೊಮ್ಮೆ ತಲೆಯೆತ್ತು” ಎಂದಳು ಗೀರಮ್ಮ.

ಮರುದಿನ ಅದೇ ಬರಹ ಮತ್ತೆ ಬಂತು. ನೂರು ಸಾಲಾದ ಮೇಲೆ ಅವನು ತಲೆಯೆತ್ತಿದ. ಅವಳು “ಸಾಕು” ಎಂದಳು, ಅವನು ನಿಲ್ಲಿಸಿದ. ಅಂದಿನಿಂದ ಕ್ಯಾಲ್ಕುಲೇಟರಮ್ಮ, ಅವನಿಗೊಬ್ಬ ತಮ್ಮನಿದ್ದಾನೆಯೇ ಎಂದು ಮೆಲ್ಲಗೆ ವಿಚಾರಿಸುತ್ತಿದ್ದಾಳೆ.