ದರ್ಜಿಯ ಮನೆಯ ಮೂಕ ಟಿವಿ

“ಗುರುಗಳೇ, ಟಿವಿ ಮುಂದಿನಿಂದ ಮಗುವನ್ನು ಎಬ್ಬಿಸಿ ಪುಸ್ತಕದ ಮುಂದೆ ಕೂರಿಸುವ ಮಂತ್ರ ಯಾವುದಾದರೂ ಇದೆಯೇ?” ಎಂದು ಶಿಷ್ಯ ಚನ್ನವೀರಪ್ಪ ಕೇಳಿದ.

ಮಠದ ಜಗಲಿಯಲ್ಲಿ ಕುಳಿತಿದ್ದವರು ನಕ್ಕರು. ಅವನೂ ನಕ್ಕ. “ನಗಬೇಡಿ. ನನ್ನ ಮಗ ಅದರ ಮುಂದೆ ಕೂತನೆಂದರೆ ತಟ್ಟೆಗೆ ಉಪ್ಪಿಟ್ಟು ಹಾಕಿದರೂ ಒಂದೇ, ಮಣ್ಣು ಹಾಕಿದರೂ ಒಂದೇ. ಆರಿಸಿದ ಮೇಲಾದರೂ ನನಗೆ ಬಿಡುಗಡೆಯುಂಟೇ? ನೋಡಿದ್ದನ್ನೆಲ್ಲ ಹೇಳುತ್ತೇನೆಂದು ಬೆನ್ನು ಹತ್ತುತ್ತಾನೆ. ಸಾಕು ಮಾರಾಯ, ಹೋಗಿ ಓದಿಕೋ ಎಂದು ಅಟ್ಟುತ್ತೇನೆ.”

ಗುರುಗಳು ಒಂದು ಕತೆ ಹೇಳತೊಡಗಿದರು.

ಒಬ್ಬ ದರ್ಜಿಯಿದ್ದ. ಕತ್ತರಿ ಹಿಡಿದರೆ ಬಟ್ಟೆ ಅವನ ಮಾತು ಕೇಳುತ್ತಿತ್ತು, ಅಕ್ಷರ ಮಾತ್ರ ಕೇಳುತ್ತಿರಲಿಲ್ಲ. ಬಸ್ಸಿನ ಬೋರ್ಡಿಗೂ ಪಕ್ಕದವರನ್ನು ಕೇಳಬೇಕು. ಮನೆಯಲ್ಲಿ ಕಣ್ಣು ಕಾಣದ ತಾಯಿ, ಮೂರನೇ ತರಗತಿಯ ಒಬ್ಬಳೇ ಮಗಳು. ಸಂಜೆಯಾದರೆ ಮಗಳು ಟಿವಿ ಮುಂದೆ. ಅವನು ತಂದುಕೊಟ್ಟ ಕತೆ ಪುಸ್ತಕ ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಇವಳೂ ನನ್ನ ಹಾಗೆಯೇ ಆದರೆ ಏನು ಗತಿ ಎಂದು ದರ್ಜಿಗೆ ನಿಜವಾಗಿ ಭಯವಾಗುತ್ತಿತ್ತು.

ಒಂದು ದಿನ ಟಿವಿಯ ಧ್ವನಿ ಕೆಟ್ಟಿತು. ದರ್ಜಿಗೆ ಒಳಗೊಳಗೇ ಖುಷಿ. ರಿಪೇರಿಗೆ ಕೊಡಲೇ ಇಲ್ಲ. ಮಾತಿಲ್ಲದ ಬೊಂಬೆಗಳನ್ನು ಎಷ್ಟು ದಿನ ನೋಡಿಯಾಳು, ತಾನಾಗಿಯೇ ಪುಸ್ತಕ ಹಿಡಿಯುತ್ತಾಳೆ ಎಂದುಕೊಂಡ.

ಅಂದುಕೊಂಡದ್ದು ತಲೆಕೆಳಗಾಯಿತು. ಟಿವಿಗೆ ಬಾಯಿಲ್ಲ, ಅಜ್ಜಿಗೆ ಕಣ್ಣಿಲ್ಲ. ಎರಡರ ನಡುವೆ ಹುಡುಗಿ ಕೂತಳು. “ಏನಾಯ್ತೇ?” ಎಂದು ಅಜ್ಜಿ ಕೇಳುವಳು. ಕಂಡದ್ದಕ್ಕೆ ತಾನೇ ಮಾತು ಸೇರಿಸಿ ಹುಡುಗಿ ಹೇಳುವಳು. “ಆಮೇಲೆ?” ಎನ್ನುವಳು ಅಜ್ಜಿ. ಮುಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತ ದರ್ಜಿ, ಧ್ವನಿ ಹೋದರೂ ಪೀಡೆ ಹೋಗಲಿಲ್ಲವಲ್ಲ ಎಂದು ಗೊಣಗುತ್ತಿದ್ದ. ಆದರೂ ಕತೆ ಬಿಗಿಯಾದಾಗ ಯಂತ್ರ ತುಳಿಯುವ ಅವನ ಕಾಲು ತಾನಾಗಿಯೇ ನಿಂತುಬಿಡುತ್ತಿತ್ತು.

ಒಂದು ಸಂಜೆ ರವಿಕೆ ಒಯ್ಯಲು ಪಕ್ಕದ ಬೀದಿಯ ಹೆಂಗಸು ಬಂದಳು. ಒಳಗೆ ಕತೆ ನಡೆದಿತ್ತು. ಅರಮನೆಯಿಂದ ಹೊರಬಿದ್ದ ರಾಣಿ ಕೂಸನ್ನು ಎತ್ತಿಕೊಂಡು ಹರಿಗೋಲು ಹತ್ತಿದ್ದಳು. ನದಿ ತುಂಬಿ ಹರಿಯುತ್ತಿತ್ತು. ಹೆಂಗಸು ರವಿಕೆ ಮರೆತು ಕೇಳುತ್ತ ನಿಂತಳು. ಆಮೇಲೆ ಏನೋ ಹೊಳೆದಂತೆ ದರ್ಜಿಯ ಕಡೆ ತಿರುಗಿದಳು.

“ಅಣ್ಣಾ, ಊರಿಗೇ ಕರೆಂಟು ಹೋಗಿ ಆಗಲೇ ಎಷ್ಟೋ ಹೊತ್ತಾಯ್ತು. ನಿನ್ನ ಮಗಳು ಏನು ನೋಡಿ ಹೇಳ್ತಿದ್ದಾಳೆ?”

ಕಾಲಲ್ಲಿ ತುಳಿದು ಹೊಲಿಯುವವನಿಗೆ ಕರೆಂಟು ಹೋದದ್ದು ಎಲ್ಲಿ ಗೊತ್ತಾಗಬೇಕು? ಅವನು ಎದ್ದು ಒಳಬಾಗಿಲ ಪರದೆ ಸರಿಸಿದ.

ಟಿವಿ ಆರಿತ್ತು. ಹುಡುಗಿ ಅದಕ್ಕೆ ಬೆನ್ನು ಹಾಕಿ, ಅಜ್ಜಿಯ ಮುಖವನ್ನೇ ನೋಡುತ್ತ ಹೇಳುತ್ತಿದ್ದಳು. ಅಜ್ಜಿ ಮಂಚದ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಇಷ್ಟು ದೊಡ್ಡ ನದಿ ತನ್ನ ಪುಟ್ಟ ಮನೆಯಲ್ಲಿ ಹರಿಯುವುದನ್ನು ಅವನು ಎಂದೂ ಕಂಡಿರಲಿಲ್ಲ.

“ಅವ್ವಾ, ಕರೆಂಟು ಹೋಗಿದೆ” ಎಂದು ಮೆಲ್ಲಗೆ ಹೇಳಿದ.

“ಫ್ಯಾನು ನಿಂತಾಗಲೇ ಗೊತ್ತಾಯ್ತು ಕಣೋ” ಎಂದಳು ತಾಯಿ. “ರಾಣಿ ಇನ್ನೂ ನಡುನೀರಿನಲ್ಲಿದ್ದಾಳೆ. ದಡ ಸೇರಲಿ, ಸುಮ್ಮನೆ ಕೂತ್ಕೋ.”

ದರ್ಜಿ ಬಾಗಿಲ ಬಳಿಯೇ ಕೂತ. ಅವನ ಹಿಂದೆ ರವಿಕೆಯ ಹೆಂಗಸೂ ಕೂತಳು.

ರಾಣಿ ದಡ ಸೇರಿದ ಮೇಲೆ ದರ್ಜಿ ಗೂಡಿನಿಂದ ಪುಸ್ತಕ ತೆಗೆದು ಧೂಳು ಒರೆಸಿದ. ಓದು ಎಂದು ಗದರಲಿಲ್ಲ. “ಇದಕ್ಕೂ ಬಾಯಿಲ್ಲ ಮಗಳೇ” ಎಂದು ಅವಳ ಕೈಗಿಟ್ಟ.

ಹುಡುಗಿ ಬೆಳಕಿದ್ದ ಕಿಟಕಿಯ ಬಳಿ ಕೂತು ಒಂದೊಂದೇ ಅಕ್ಷರ ಕೂಡಿಸತೊಡಗಿದಳು. ಮೊದಲ ಸಾಲು ಮುಗಿಯುವಷ್ಟರಲ್ಲಿ ಬೆವರಿದಳು. ಎಲ್ಲಿ ಪುಸ್ತಕ ಮುಚ್ಚಿಬಿಡುತ್ತಾಳೋ ಎಂದು ದರ್ಜಿ ಉಸಿರು ಬಿಗಿಹಿಡಿದ.

“ಆಮೇಲೆ?” ಎಂದಳು ಅಜ್ಜಿ.

ಹುಡುಗಿ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚನ್ನವೀರಪ್ಪನ ಮುಖ ಅರಳಿತು. “ಹಾಗಾದರೆ ಇವತ್ತೇ ಹೋಗಿ ಟಿವಿಯ ಧ್ವನಿ ತೆಗೆಸಿಬಿಡುತ್ತೇನೆ, ಗುರುಗಳೇ.”

“ಟಿವಿ ಹಾಗಿರಲಿ, ನಿನ್ನ ಮಗ ಹೇಳಲು ಬಂದಾಗ ‘ಆಮೇಲೆ?’ ಎಂದವರು ನಿನ್ನ ಮನೆಯಲ್ಲಿ ಯಾರಪ್ಪ?” ಎಂದರು ಗುರುಗಳು.