ಶುಕ್ರನಿಗೆ ಹಿಡಿದ ಮೌಢ್ಯ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಗುರುಪಾದಯ್ಯನವರು. ಮಠದ ಜಗಲಿಯಲ್ಲಿ ಕೂತು ಅದನ್ನು ಕಿವಿಯಾರೆ ಕೇಳಿದ್ದರು.

ಕಾಲೇಜಿನಲ್ಲಿ ಖಗೋಳಪಾಠ ಹೇಳುವ ಮೇಷ್ಟ್ರೊಬ್ಬರು ಆ ದಿನ ಮಠದ ಅಯ್ಯನವರ ಬಳಿಗೆ ಬಂದರು. ಕೂರಲಿಲ್ಲ, ನಿಂತೇ ಕೇಳಿದರು: "ಬುದ್ಧೀ, ತರಬೇತಿಗೆ ಹೋಗಿ ಬಂದೆ. ಇನ್ನು ಮುಂದೆ ಮಕ್ಕಳನ್ನು ಕಟ್ಟಿಕೊಂಡು, ಆಕಾಶ ನೋಡಿ ಸಂಶೋಧನೆ ಮಾಡಿಸಬೇಕಂತೆ. ಉತ್ತರ ನನಗೇ ತಿಳಿಯದು. ಅವರ ಮುಂದೆ ನನ್ನ ಮರ್ಯಾದೆ ಉಳಿದೀತೇ?"

"ಮೊದಲು ಕೂತುಕೋ" ಎಂದು ಅಯ್ಯನವರು ಕತೆ ತೆಗೆದರು.

ಒಬ್ಬ ಹಿರಿಯ ಜೋಯಿಸ ಊರೂರಿನ ಉಪಾಧ್ಯಾಯರನ್ನು ಕರೆಸಿದ. ಶುಕ್ರ ಸೂರ್ಯನ ಬೆಳಕಿನಲ್ಲಿ ಮರೆಯಾಗುವ ದಿನಗಳಿಗೆ ಮೌಢ್ಯವೆಂದು ಹೆಸರು, ಅಸ್ತವೆಂದೂ ಅನ್ನುತ್ತಾರೆ. ಆಗ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಆ ಸಲದ ಮೌಢ್ಯ ಯಾವ ದಿನ ಹಿಡಿಯುತ್ತದೆಂದು ಶಿಷ್ಯರ ಜೊತೆ ಕಣ್ಣಾರೆ ನೋಡಿ, ಬರೆದು ತನ್ನಿ ಎಂದು ಕಳಿಸಿದ.

ಅವರಲ್ಲಿ ಒಬ್ಬ ಉಪಾಧ್ಯಾಯನಿಗೆ ತಳಮಳ ಹತ್ತಿತು. ತಪ್ಪಾದರೆ ಶಿಷ್ಯರ ಮುಂದೆ ನಗೆಪಾಟಲು. ಪಂಚಾಂಗ ತೆಗೆದು ನೋಡಿದ. ಮಂಗಳವಾರವೆಂದಿತ್ತು. ಮನಸ್ಸು ಒಂದಿಷ್ಟು ನಿಂತಿತು.

ಮಂಗಳವಾರ ಸಂಜೆ ಶಿಷ್ಯರೊಡನೆ ಕೆರೆ ಏರಿಯ ಮೇಲೆ ನಿಂತ. ಹೊತ್ತು ಮುಳುಗಿತು. ಒಬ್ಬ ಹುಡುಗಿ ಕೈ ತೋರಿದಳು.

"ಅಗೋ ಗುರುಗಳೇ, ಆ ಈಚಲ ಮರದ ತುದೀಲಿ ನೋಡಿ! ಶುಕ್ರ ಇನ್ನೂ ಇದಾನೆ."

"ಇವತ್ತಿಗೆ ಅಸ್ತ ಅಂತ ಪಂಚಾಂಗದಲ್ಲಿದೆ. ನಿನ್ನ ಕಣ್ಣು ಪಂಚಾಂಗಕ್ಕಿಂತ ದೊಡ್ಡದೇನಮ್ಮ?"

ಉಳಿದವರು ನಕ್ಕರು. ಅವಳು ಬರೆದದ್ದನ್ನು ಅವನೇ ಹೊಡೆದುಹಾಕಿದ. ಬುಧವಾರವೂ ಅವಳು ಕೈ ತೋರಿದಳು. ಅವನು ಮರದ ಕಡೆ ತಿರುಗದೆಯೇ ಹೊಡೆದುಹಾಕಿದ. ಮನೆಗೆ ಹೋದರೆ ಊಟ ಸೇರಲಿಲ್ಲ.

ಗುರುವಾರ ತಾನೇ ತಲೆ ಎತ್ತಿದ. ಶುಕ್ರ ಮರದ ನಡುವಿಗೆ ಇಳಿದಿದ್ದ, ಆದರೂ ಹೊಳೆಯುತ್ತಿದ್ದ. "ಏನಮ್ಮ, ಏನು ಕಾಣುತ್ತಿದೆ?" ಎಂದ. ಹುಡುಗಿ ಆಗಲೇ ಬರೆದು ಮುಗಿಸಿದ್ದಳು. ತಲೆ ಎತ್ತದೆ ಹೇಳಿದಳು:

"ಏನೂ ಇಲ್ಲ ಗುರುಗಳೇ. ಅಸ್ತವಾಗಿ ಎರಡು ದಿನವಾಯಿತಲ್ಲ."

ಅಯ್ಯನವರು ಅಲ್ಲಿಗೆ ಕತೆ ನಿಲ್ಲಿಸಿದರು. ಕಾಲೇಜಿನ ಮೇಷ್ಟ್ರು ತಡೆಯಲಾರದೆ ಕೇಳಿದರು: "ಹಾಗಾದರೆ ಪಂಚಾಂಗ ತಪ್ಪೇ ಬುದ್ಧೀ?"

"ಶುಕ್ರನಿಗೆ ಹಿಡಿದ ಮೌಢ್ಯ ಎಂಟು ಹತ್ತು ದಿನಕ್ಕೆ ಬಿಡುತ್ತದಪ್ಪ, ಆ ಹುಡುಗಿಗೆ ಹಿಡಿದದ್ದು ಎಂದಿಗೆ ಬಿಟ್ಟೀತು?"



ಕೇಳಿದವರು ಇದನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಡಿ. ಪಾಠ ಹೇಳುವ ಒಬ್ಬರಿಗಾದರೂ ಹೇಳಿ.